ಪುಟ್ಟಿ ಬಳಸುವವರ ಪ್ರಶ್ನೆಗಳು: ತೊಂದರೆ ಯಾರ ಕಡೆಯದು?

ದೂರದಲ್ಲಿರುವ ಸರ್ವರ್ ಒಂದನ್ನು ನಮ್ಮ ಕಂಪ್ಯೂಟರಿನಿಂದಲೇ ಆದೇಶಗಳನ್ನು ಟೈಪಿಸಿ ನಡೆಸಲು ವಿಂಡೋಸ್ ಬಳಕೆದಾರರು ಬಹುಕಾಲದಿಂದ ನೆಚ್ಚಿಕೊಂಡಿರುವ ತಂತ್ರಾಂಶ ಪುಟ್ಟಿ. ಬ್ರಿಟನ್ನಿನ ಪ್ರೋಗ್ರಾಮರ್ ಸೈಮನ್ ಟ್ಯಾಥಮ್ 1990ರ ದಶಕದ ಕೊನೆಯ ಭಾಗದಲ್ಲಿ ಇದನ್ನು ಬರೆಯತೊಡಗಿದರು. ಆರಂಭದಲ್ಲಿ ಅದು ಟೆಲ್ನೆಟ್ ಎಂಬ, ಗೂಢಲಿಪಿಯ ರಕ್ಷಣೆಯಿಲ್ಲದ ಹಳೆಯ ಬಗೆಯ ಸಂಪರ್ಕಕ್ಕೆ ಮಾತ್ರ ಸೀಮಿತವಾಗಿತ್ತು. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕ ವಿಧಾನ ಆಮೇಲೆ ಸೇರಿತು. ಇಂದಿಗೂ ಅವರೂ ಒಂದು ಸಣ್ಣ ತಂಡವೂ ಸೇರಿ ಅದನ್ನು ನಿರ್ವಹಿಸುತ್ತಿದ್ದಾರೆ. ಎಂಐಟಿ ಪರವಾನಗಿಯಡಿ ಅದು ಮುಕ್ತವಾಗಿದೆ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರೂ ಹಣ ಕೊಡಬೇಕಿಲ್ಲ, ಬಳಸುವವರ ಸಂಖ್ಯೆಗೆ ಮಿತಿಯೂ ಇಲ್ಲ. ಇಷ್ಟು ವರ್ಷಗಳಾದರೂ ಅದರ ಆವೃತ್ತಿ ಸಂಖ್ಯೆ ಇನ್ನೂ ಒಂದನ್ನು ಮುಟ್ಟದೆ ಸೊನ್ನೆಯ ಮುಂದಿನ ದಶಾಂಶಗಳಲ್ಲೇ ನಡೆಯುತ್ತಿದೆ ಎಂಬುದನ್ನು ನೋಡಿ ಇದು ಅಪೂರ್ಣ ತಂತ್ರಾಂಶವೆಂದು ಭಾವಿಸುವವರಿದ್ದಾರೆ. ಅದು ತಂಡದವರ ಎಣಿಕೆಯ ರೂಢಿಯಷ್ಟೆ.

ಆವೃತ್ತಿಗಳು ಬದಲಾದರೂ ಬಳಕೆದಾರರ ಪ್ರಶ್ನೆಗಳು ಹೆಚ್ಚು ಬದಲಾಗಿಲ್ಲ. ಪಾಸ್‌ವರ್ಡ್ ಟೈಪಿಸಿದರೂ ಏನೂ ಕಾಣುವುದಿಲ್ಲವೇಕೆ, ಸಂಪರ್ಕ ತಾನಾಗಿ ಕಡಿದುಹೋಗುವುದೇಕೆ, ಪರದೆಯ ಮೇಲೆ ವಿಚಿತ್ರ ಅಕ್ಷರಗಳು ಮೂಡುವುದೇಕೆ ಎಂಬಂಥ ಸಂದೇಹಗಳು ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಬಹುಪಾಲಿನ ಹಿಂದಿರುವುದು ಒಂದೇ ಗೊಂದಲವೆಂದು ನನಗೆ ತೋರುತ್ತದೆ. ಕಿಟಕಿಯೊಳಗೆ ನಡೆಯುವುದೆಲ್ಲವನ್ನೂ ಪುಟ್ಟಿಯೇ ಮಾಡುತ್ತಿದೆ ಎಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅಲ್ಲಿ ಮೂವರ ಪಾಲಿದೆ: ನಮ್ಮ ಕಂಪ್ಯೂಟರಿನಲ್ಲಿರುವ ಪುಟ್ಟಿ, ನಡುವಿನ ಜಾಲ, ಅತ್ತ ಕಡೆಯ ಸರ್ವರ್.

ಪುಟ್ಟಿಯ ಕೆಲಸ ಬಹಳ ಕಿರಿದು. 1978ರಲ್ಲಿ ಬಂದ ವಿಟಿ100ರಂತಹ ಟರ್ಮಿನಲ್ ಯಂತ್ರಗಳು ಮಾಡುತ್ತಿದ್ದುದನ್ನೇ ಅದು ತಂತ್ರಾಂಶದ ರೂಪದಲ್ಲಿ ಮಾಡುತ್ತದೆ. ನಾವು ಒತ್ತಿದ ಕೀಲಿಯನ್ನು ಬೈಟುಗಳಾಗಿಸಿ, ಗೂಢಲಿಪೀಕರಿಸಿ, ಸರ್ವರಿಗೆ ಕಳುಹಿಸುತ್ತದೆ. ಅಲ್ಲಿಂದ ಬಂದ ಬೈಟುಗಳನ್ನು ಬಿಡಿಸಿ ಪರದೆಯ ಮೇಲೆ ಅಕ್ಷರಗಳಾಗಿ ಬರೆಯುತ್ತದೆ. ನಾವು ಕೊಟ್ಟ ಆದೇಶದ ಅರ್ಥವೇನೆಂದು ಅದಕ್ಕೆ ತಿಳಿದಿಲ್ಲ. ಟೈಪಿಸಿದ ಅಕ್ಷರ ಪರದೆಯ ಮೇಲೆ ಕಾಣುವುದು ಕೂಡ ಸಾಮಾನ್ಯವಾಗಿ ಸರ್ವರ್ ಅದನ್ನು ಮರಳಿ ಕಳುಹಿಸುವುದರಿಂದಲೇ. ನಿಧಾನಗತಿಯ ಜಾಲದಲ್ಲಿ ಒತ್ತಿದ ಅಕ್ಷರ ತಡವಾಗಿ ಮೂಡುವುದಕ್ಕೆ ಕಾರಣ ಇದೇ. ಆದ್ದರಿಂದ ಯಾವುದೇ ತೊಂದರೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದು ಈ ಮೂವರಲ್ಲಿ ಯಾರ ಕೆಲಸ ಎಂಬುದು.

ಸಂಪರ್ಕವೇ ಸಿಗದಿದ್ದಾಗ ಬರುವ ದೋಷ ಸಂದೇಶಗಳನ್ನು ಹಲವರು ಓದದೆ ಮುಚ್ಚಿಬಿಡುತ್ತಾರೆ. ಅವುಗಳ ನಡುವಿನ ವ್ಯತ್ಯಾಸದಲ್ಲೇ ಉತ್ತರವಿರುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ಎಂದು ಬಂದರೆ ಸಾಮಾನ್ಯವಾಗಿ ಅತ್ತಲಿನ ಕಂಪ್ಯೂಟರ್ ನಮಗೆ ಸಿಕ್ಕಿದೆ, ಆದರೆ ನಾವು ಕೇಳಿದ ಪೋರ್ಟಿನಲ್ಲಿ, ಅಂದರೆ ಆ ಕಂಪ್ಯೂಟರಿನ ಸಂಖ್ಯೆ ಹಚ್ಚಿದ ಬಾಗಿಲಿನಲ್ಲಿ, ಯಾವ ಸೇವೆಯೂ ನಡೆಯುತ್ತಿಲ್ಲ ಎಂದರ್ಥ. ಎಸ್‌ಎಸ್‌ಎಚ್ ಸಾಮಾನ್ಯವಾಗಿ 22ನೇ ಪೋರ್ಟನ್ನೂ ಟೆಲ್ನೆಟ್ 23ನೆಯದನ್ನೂ ಬಳಸುತ್ತವೆ. ಸರ್ವರ್ ನಿರ್ವಾಹಕರು ಪೋರ್ಟ್ ಬದಲಿಸಿದ್ದರೆ ಅಥವಾ ಎಸ್‌ಎಸ್‌ಎಚ್ ಸೇವೆ ನಿಂತಿದ್ದರೆ ಈ ಸಂದೇಶ ಬರುತ್ತದೆ. 'ಕನೆಕ್ಷನ್ ಟೈಮ್ಡ್ ಔಟ್' ಎಂದಾದರೆ ಯಾವ ಉತ್ತರವೂ ಬಂದಿಲ್ಲ. ವಿಳಾಸ ತಪ್ಪಿರಬಹುದು, ಯಂತ್ರ ಆಫ್ ಆಗಿರಬಹುದು, ಜಾಲದ ಕಾವಲುಗಾರನಂತಿರುವ ನಡುವಿನ ಫೈರ್‌ವಾಲ್ ನಮ್ಮ ವಿನಂತಿಯನ್ನು ಸದ್ದಿಲ್ಲದೆ ಕೈಬಿಡುತ್ತಿರಬಹುದು. ಇವೆರಡರಲ್ಲೂ ಪುಟ್ಟಿ ಕೇವಲ ವರದಿಗಾರ. ಅದನ್ನು ಅಳಿಸಿ ಮತ್ತೆ ಹಾಕಿಕೊಂಡರೆ ಏನೂ ಬದಲಾಗುವುದಿಲ್ಲ.

ಸಂಪರ್ಕ ಸಿಕ್ಕಿ, ಸ್ವಲ್ಪ ಹೊತ್ತು ಏನೂ ಟೈಪಿಸದೆ ಬಿಟ್ಟಾಗ ಕಡಿದುಹೋಗುವುದು ಬೇರೆಯದೇ ಸಂಗತಿ. ಹೆಚ್ಚಿನ ಕಡೆ ನಮ್ಮ ಮತ್ತು ಸರ್ವರಿನ ನಡುವೆ ವಿಳಾಸ ಬದಲಿಸುವ ರೂಟರ್ ಇಲ್ಲವೇ ಫೈರ್‌ವಾಲ್ ಇರುತ್ತದೆ. ಅದು ನಡೆಯುತ್ತಿರುವ ಸಂಪರ್ಕಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಕೆಲಕಾಲ ಯಾವ ಚಲನೆಯೂ ಇಲ್ಲದ ಸಂಪರ್ಕವನ್ನು ಆ ಪಟ್ಟಿಯಿಂದ ತೆಗೆದುಹಾಕುತ್ತದೆ. ಎರಡೂ ತುದಿಯವರಿಗೆ ಇದು ತಿಳಿಯುವುದಿಲ್ಲ. ಮತ್ತೆ ಟೈಪಿಸತೊಡಗಿದಾಗ ಮಾತ್ರ ದಾರಿ ಮುಚ್ಚಿರುವುದು ಗೊತ್ತಾಗಿ, 'ಸಾಫ್ಟ್‌ವೇರ್ ಕಾಸ್ಡ್ ಕನೆಕ್ಷನ್ ಅಬಾರ್ಟ್' ಎಂಬ ಸಂದೇಶ ಬರುತ್ತದೆ. ಆ ಮಾತು ವಿಂಡೋಸಿನ ಜಾಲ ವ್ಯವಸ್ಥೆಯದು; ಅದರಲ್ಲಿ ಸಾಫ್ಟ್‌ವೇರ್ ಎಂದಿರುವುದನ್ನು ಕಂಡು ಪುಟ್ಟಿಯೇ ಸಂಪರ್ಕ ಕಡಿಯಿತೆಂದು ದೂರುವವರು ಬಹಳ. ಪರಿಹಾರವೆಂದರೆ ಕನೆಕ್ಷನ್ ಪುಟದಲ್ಲಿರುವ ಕೀಪ್‌ಅಲೈವ್ ಅವಧಿ. ಮೂಲದಲ್ಲಿ ಅದು 0, ಅಂದರೆ ನಿಷ್ಕ್ರಿಯ. ಅಲ್ಲಿ 60 ಎಂದು ಬರೆದರೆ ಪ್ರತಿ ನಿಮಿಷಕ್ಕೊಮ್ಮೆ ಪುಟ್ಟಿ ಅರ್ಥವಿಲ್ಲದ ಒಂದು ಸಣ್ಣ ಸಂದೇಶವನ್ನು ಕಳುಹಿಸಿ ಸಂಪರ್ಕವನ್ನು ಜೀವಂತವಾಗಿಡುತ್ತದೆ. ಆದರೆ ಇದು ಎಲ್ಲರಿಗೂ ಹಿತವಲ್ಲ. ಜಾಲವೇ ಆಗಾಗ ಕೆಲವು ನಿಮಿಷ ಸತ್ತು ಮತ್ತೆ ಏಳುವಂತಿದ್ದರೆ, ಸುಮ್ಮನಿದ್ದ ಸಂಪರ್ಕ ಆ ಅಂತರವನ್ನು ದಾಟಿ ಉಳಿಯಬಹುದು; ಕೀಪ್‌ಅಲೈವ್ ಇದ್ದರೆ ಆ ಹೊತ್ತಿನಲ್ಲೇ ಸಂದೇಶ ಕಳುಹಿಸಲು ಹೋಗಿ, ಉತ್ತರ ಬಾರದೆ, ಸಂಪರ್ಕವೇ ಮುರಿಯಬಹುದು. ಮೂಲ ಬೆಲೆಯನ್ನು 0 ಎಂದಿಟ್ಟಿರುವುದು ಉದಾಸೀನದಿಂದಲ್ಲ.

ಹೊಸ ಸರ್ವರಿಗೆ ಮೊದಲ ಬಾರಿ ಹೋದಾಗ ಪುಟ್ಟಿ ಒಂದು ಉದ್ದನೆಯ ಎಚ್ಚರಿಕೆ ತೋರಿಸಿ ಒಪ್ಪಿಗೆ ಕೇಳುತ್ತದೆ. ಬಹುತೇಕರು ಓದದೆ ಒಪ್ಪಿಗೆಯ ಗುಂಡಿ ಒತ್ತುತ್ತಾರೆ. ಎಸ್‌ಎಸ್‌ಎಚ್ ಹುಟ್ಟಿದ್ದೇ ಜಾಲದಲ್ಲಿ ಪಾಸ್‌ವರ್ಡ್ ಕದಿಯುವುದನ್ನು ತಡೆಯಲು: ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಅಂಥದೊಂದು ಕಳವು ನಡೆದ ಮೇಲೆ 1995ರಲ್ಲಿ ತಾತು ಯ್ಲೋನೆನ್ ಅದನ್ನು ರೂಪಿಸಿದರು. ಮಾತು ಗೂಢಲಿಪಿಯಲ್ಲಿದ್ದ ಮಾತ್ರಕ್ಕೆ ಸಾಲದು, ಯಾರೊಡನೆ ಆ ಗೂಢಲಿಪಿಯಲ್ಲಿ ಮಾತಾಡುತ್ತಿದ್ದೇವೆ ಎಂಬುದೂ ಖಚಿತವಾಗಬೇಕು. ನಡುವೆ ನಿಂತ ವಂಚಕನೊಬ್ಬ ತಾನೇ ಸರ್ವರ್ ಎಂದು ನಟಿಸಿದರೆ, ನಮ್ಮ ಪಾಸ್‌ವರ್ಡ್ ಬಹಳ ಸುರಕ್ಷಿತವಾಗಿ ಅವನ ಕೈಗೇ ತಲುಪುತ್ತದೆ. ಇದನ್ನು ತಪ್ಪಿಸಲು ಪ್ರತಿ ಸರ್ವರಿಗೂ ಅದರ ಗುರುತಾಗಿ ತನ್ನದೇ ಆದ ಹೋಸ್ಟ್ ಕೀ ಇರುತ್ತದೆ. ಮೊದಲ ಭೇಟಿಯಲ್ಲಿ ಅದು ನಿಜವಾದ ಕೀಯೇ ಅಲ್ಲವೇ ಎಂದು ತಿಳಿಯಲು ಪುಟ್ಟಿಗೆ ಯಾವ ಆಧಾರವೂ ಇಲ್ಲ; ಆದ್ದರಿಂದ ಆ ಕೀಯ ಬೆರಳಚ್ಚನ್ನು (ಫಿಂಗರ್‌ಪ್ರಿಂಟ್, ಅಂದರೆ ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲನ್ನು) ನಮಗೆ ತೋರಿಸಿ ತೀರ್ಮಾನವನ್ನು ನಮಗೇ ಬಿಡುತ್ತದೆ. ಸರ್ವರ್ ನಿರ್ವಾಹಕರಿಂದ ಫೋನಿನಲ್ಲೋ ಪತ್ರದಲ್ಲೋ ಆ ಬೆರಳಚ್ಚನ್ನು ಮೊದಲೇ ಪಡೆದು ಹೋಲಿಸಿ ನೋಡುವುದು ಸರಿಯಾದ ಕ್ರಮ.

ಒಮ್ಮೆ ಒಪ್ಪಿದ ಮೇಲೆ ಪುಟ್ಟಿ ಆ ಕೀಯನ್ನು ವಿಂಡೋಸ್ ತನ್ನ ಆಯ್ಕೆಗಳನ್ನೆಲ್ಲ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ, ಮುಂದೆ ಕೇಳುವುದಿಲ್ಲ. ಯಾವಾಗಲಾದರೂ ಕೀ ಬದಲಾಗಿ ಕಂಡರೆ ಮಾತ್ರ ಮೊದಲಿಗಿಂತ ಕಟುವಾದ ಎಚ್ಚರಿಕೆ ಬರುತ್ತದೆ. ಸರ್ವರಿನಲ್ಲಿ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಹಾಕಿದ್ದರೆ, ಅಥವಾ ಅದೇ ವಿಳಾಸವನ್ನು ಬೇರೊಂದು ಯಂತ್ರಕ್ಕೆ ಕೊಟ್ಟಿದ್ದರೆ ಇದು ಸಹಜ. ಯಾವ ಕಾರಣವೂ ತಿಳಿಯದಿದ್ದಾಗ ಒಪ್ಪಿಕೊಳ್ಳುವುದು ಸಹಜವಲ್ಲ. ಈ ಎಚ್ಚರಿಕೆಯನ್ನು ಶಾಶ್ವತವಾಗಿ ನಿಲ್ಲಿಸುವ ಬಗೆ ಕೇಳುವವರಿಗೆ ನನ್ನ ಉತ್ತರವೆಂದರೆ, ಹಾಗೆ ನಿಲ್ಲಿಸುವುದಾದರೆ ಟೆಲ್ನೆಟ್ ಬಿಟ್ಟು ಎಸ್‌ಎಸ್‌ಎಚ್ ಬಳಸಿದ್ದರ ಅರ್ಧ ಪ್ರಯೋಜನ ಅಲ್ಲೇ ಹೋಯಿತು.

ಪಾಸ್‌ವರ್ಡ್ ಟೈಪಿಸುವಾಗ ಚುಕ್ಕಿಯಾಗಲಿ ನಕ್ಷತ್ರದ ಗುರುತಾಗಲಿ ಕಾಣದಿರುವುದು ಕೀಬೋರ್ಡಿನ ದೋಷವಲ್ಲ. ಪಾಸ್‌ವರ್ಡಿನ ಉದ್ದವೂ ಪಕ್ಕದಲ್ಲಿರುವವರಿಗೆ ತಿಳಿಯದಿರಲೆಂದು ಏನನ್ನೂ ತೋರಿಸುವುದಿಲ್ಲ. ಪೂರ್ತಿ ಟೈಪಿಸಿ ಎಂಟರ್ ಒತ್ತಿದರಾಯಿತು. ಪುಟ್ಟಿ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುವುದಿಲ್ಲವೆಂಬ ದೂರು ಇದಕ್ಕಿಂತ ಹೆಚ್ಚು ಕೇಳಿಬರುತ್ತದೆ. ಸೆಷನ್ ಹೆಸರು, ವಿಳಾಸ, ಬಣ್ಣ, ಫಾಂಟ್ ಎಲ್ಲವನ್ನೂ ಉಳಿಸಿಕೊಳ್ಳುವ ತಂತ್ರಾಂಶಕ್ಕೆ ಇದೊಂದು ಕಷ್ಟವೇ ಎಂದು ಅನ್ನಿಸುವುದು ಸಹಜ. ಆದರೆ ಇದು ತಂಡದವರು ತಿಳಿದೇ ಬಿಟ್ಟಿರುವ ಸೌಲಭ್ಯ. ಡಿಸ್ಕಿನಲ್ಲಿ ಉಳಿಸಿದ ಪಾಸ್‌ವರ್ಡ್, ಆ ಕಂಪ್ಯೂಟರಿಗೆ ಕೈಯಿಟ್ಟ ಯಾರಿಗಾದರೂ ಸಿಗುತ್ತದೆ. ಅದನ್ನು ಗೂಢಲಿಪಿಯಲ್ಲಿ ಇಟ್ಟರೂ ತೆರೆಯುವ ಕೀಲಿ ಅದೇ ಯಂತ್ರದಲ್ಲಿ ಇರಬೇಕಾಗುತ್ತದೆ. ಆದೇಶ ಸಾಲಿನಲ್ಲಿ (ಕಮಾಂಡ್ ಲೈನ್) ಪಾಸ್‌ವರ್ಡ್ ಕೊಡುವ ಆಯ್ಕೆಯೊಂದು ಇದೆಯಾದರೂ, ಹಾಗೆ ಕೊಟ್ಟದ್ದು ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಇತರರಿಗೂ ಕಾಣಬಹುದು. 0.77ನೇ ಆವೃತ್ತಿಯಿಂದ ಕಡತದೊಳಗಿನಿಂದ ಪಾಸ್‌ವರ್ಡ್ ಓದುವ ಆಯ್ಕೆ ಬಂದಿದೆ; ಅದು ಮೊದಲಿನದಕ್ಕಿಂತ ವಾಸಿ, ಅಷ್ಟೆ.

ಪಾಸ್‌ವರ್ಡಿನ ಗೋಜಿಲ್ಲದೆ ಲಾಗಿನ್ ಆಗಬೇಕೆಂದರೆ ಪಬ್ಲಿಕ್ ಕೀ ಮತ್ತು ಪ್ರೈವೇಟ್ ಕೀಗಳ ಜೋಡಿಯೇ ದಾರಿ. ಪಬ್ಲಿಕ್ ಕೀ ಎಂಬುದು ನಾವು ಎಷ್ಟು ಬಾಗಿಲುಗಳಿಗೆ ಬೇಕಾದರೂ ಹಾಕಿಬರಬಹುದಾದ ಬೀಗದಂತೆ. ಅದನ್ನು ತೆರೆಯುವ ಕೀಲಿ ನಮ್ಮಲ್ಲೇ ಉಳಿಯುತ್ತದೆ. ಈ ಜೋಡಿಯನ್ನು ಮಾಡಿಕೊಡುವುದು ಪುಟ್ಟಿಯ ಜೊತೆಗೇ ಬರುವ ಪುಟ್ಟಿಜೆನ್. ಪ್ರೈವೇಟ್ ಕೀಯನ್ನು ಅದು ಪಿಪಿಕೆ ಎಂಬ ತನ್ನದೇ ವಿನ್ಯಾಸದ ಕಡತದಲ್ಲಿ ಉಳಿಸುತ್ತದೆ. ಅದಕ್ಕೊಂದು ಪಾಸ್‌ಫ್ರೇಸ್, ಅಂದರೆ ಕಡತವನ್ನು ತೆರೆಯುವ ಗುಪ್ತ ಪದಗುಚ್ಛ, ಹಾಕಿಟ್ಟರೆ ಕಡತ ಕಳುವಾದರೂ ಕೂಡಲೇ ಅನಾಹುತವಾಗುವುದಿಲ್ಲ. ಪ್ರತಿ ಸಲ ಪಾಸ್‌ಫ್ರೇಸ್ ಟೈಪಿಸುವ ಬೇಸರವಿದ್ದರೆ ಪೇಜೆಂಟ್ ಎಂಬ ಇನ್ನೊಂದು ಸಹಾಯಕ ತಂತ್ರಾಂಶ ಕೀಯನ್ನು ಮೆಮೊರಿಯಲ್ಲಿ ಇರಿಸಿಕೊಂಡು, ನಾವು ಅದನ್ನು ಮುಚ್ಚುವವರೆಗೆ ಪುಟ್ಟಿಗೆ ಒದಗಿಸುತ್ತಿರುತ್ತದೆ.

ಇಷ್ಟೆಲ್ಲ ಮಾಡಿಯೂ 'ಸರ್ವರ್ ರೆಫ್ಯೂಸ್ಡ್ ಅವರ್ ಕೀ' ಎಂಬ ಸಾಲು ಎದುರಾಗುತ್ತದೆ. ಸಂದೇಶವೇ ಹೇಳುವಂತೆ ನಿರಾಕರಿಸಿದ್ದು ಸರ್ವರ್, ಪುಟ್ಟಿಯಲ್ಲ, ಹುಡುಕಬೇಕಾದದ್ದೂ ಅಲ್ಲಿಯೇ. ಸಾಮಾನ್ಯವಾದ ಕಾರಣವೆಂದರೆ ಪಬ್ಲಿಕ್ ಕೀಯ ರೂಪ. ಪುಟ್ಟಿಜೆನ್‌ನಲ್ಲಿ ಪಬ್ಲಿಕ್ ಕೀಯನ್ನು ಉಳಿಸುವ ಗುಂಡಿ ಒತ್ತಿದರೆ ಅದು ಹಲವು ಸಾಲುಗಳ ಒಂದು ಪ್ರಮಾಣಿತ ರೂಪದಲ್ಲಿ ಉಳಿಯುತ್ತದೆ. ಆದರೆ ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿರುವ ಓಪನ್‌ಎಸ್‌ಎಸ್‌ಎಚ್ ಬಯಸುವುದು ಒಂದೇ ಉದ್ದನೆಯ ಸಾಲನ್ನು. ಆ ಸಾಲು ಪುಟ್ಟಿಜೆನ್ ಕಿಟಕಿಯ ಮೇಲ್ಭಾಗದ ಚೌಕದಲ್ಲೇ ಸಿದ್ಧವಾಗಿರುತ್ತದೆ. ಅದನ್ನು ಪೂರ್ತಿಯಾಗಿ, ನಡುವೆ ಸಾಲು ಮುರಿಯದಂತೆ ನಕಲಿಸಿ ಸರ್ವರಿನ 'ಆಥರೈಸ್ಡ್ ಕೀಸ್' ಕಡತದಲ್ಲಿ ಅಂಟಿಸಬೇಕು. ಎರಡನೆಯ ಕಾರಣ ಅನುಮತಿಗಳದು. ಆ ಕಡತವನ್ನೋ ಅದಿರುವ ಫೋಲ್ಡರನ್ನೋ ಅಥವಾ ಹೋಮ್ ಫೋಲ್ಡರನ್ನೋ ಇತರ ಬಳಕೆದಾರರು ತಿದ್ದುವಂತಿದ್ದರೆ, ಓಪನ್‌ಎಸ್‌ಎಸ್‌ಎಚ್ ಅದನ್ನು ನಂಬಲು ಒಪ್ಪುವುದಿಲ್ಲ. ನಿಜವಾದ ಕಾರಣವನ್ನು ಸರ್ವರ್ ತನ್ನ ಲಾಗ್ ಕಡತದಲ್ಲಿ ಬರೆದುಕೊಳ್ಳುತ್ತದೆ, ನಮಗೆ ಹೇಳುವುದಿಲ್ಲ; ಹೊರಗಿನವರಿಗೆ ಒಳಗಿನ ವಿವರ ಕೊಡಬಾರದೆಂಬುದು ಅದರ ನೀತಿ.

ಕೀಗಳ ವಿಷಯದಲ್ಲಿ 2024ರ ಒಂದು ಘಟನೆಯನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ಪರಿಣಾಮ ಇಂದಿಗೂ ಕೆಲವರ ಕಂಪ್ಯೂಟರುಗಳಲ್ಲಿ ಉಳಿದಿರಬಹುದು. ಆ ವರ್ಷದ ಏಪ್ರಿಲ್‌ನಲ್ಲಿ ಜರ್ಮನಿಯ ಬೋಖುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಪತ್ತೆಹಚ್ಚಿದ ಗಂಭೀರ ದೋಷವೊಂದು ಪ್ರಕಟವಾಯಿತು. ಕೀ ಬಳಸಿ ಲಾಗಿನ್ ಆಗುವಾಗ, ಪ್ರೈವೇಟ್ ಕೀ ನಮ್ಮಲ್ಲಿದೆ ಎಂದು ತೋರಿಸಲು ಪುಟ್ಟಿ ಅದರಿಂದ ಒಂದು ಡಿಜಿಟಲ್ ಸಹಿ ಮಾಡಿ ಕಳುಹಿಸುತ್ತದೆ. ಎನ್‌ಐಎಸ್‌ಟಿ ಪಿ-521 ಎಂಬ ಬಗೆಯ ಇಸಿಡಿಎಸ್‌ಎ ಕೀಗಳಿಂದ ಸಹಿ ಮಾಡುವಾಗ, ಪ್ರತಿ ಸಹಿಗೂ ಊಹಿಸಲಾಗದ ಒಂದು ರಹಸ್ಯ ಸಂಖ್ಯೆ ಬೇಕು; ಅದರ ಉದ್ದ 521 ಬಿಟ್. ವಿಂಡೋಸ್‌ನಲ್ಲಿ ಒಳ್ಳೆಯ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಇಲ್ಲದಿದ್ದ ಕಾಲದಲ್ಲಿ ಬರೆದ ವಿಧಾನದಂತೆ ಪುಟ್ಟಿ ಈ ಸಂಖ್ಯೆಯನ್ನು 512 ಬಿಟ್ ಉದ್ದದ ಹ್ಯಾಶ್ (ದತ್ತಾಂಶದಿಂದ ಲೆಕ್ಕಹಾಕಿದ, ನಿಗದಿತ ಉದ್ದದ ಸಂಖ್ಯೆ) ಒಂದರಿಂದ ಪಡೆಯುತ್ತಿತ್ತು. ಹಾಗಾಗಿ ಮೊದಲ 9 ಬಿಟ್‌ಗಳು ಯಾವಾಗಲೂ ಸೊನ್ನೆಯಾಗಿರುತ್ತಿದ್ದವು. ಇಷ್ಟು ಸಣ್ಣ ಒಲವು ಸಾಕಾಯಿತು: ಒಂದೇ ಕೀಯಿಂದ ಮಾಡಿದ ಸುಮಾರು 60 ಸಹಿಗಳು ಕೈಗೆ ಸಿಕ್ಕರೆ ಪ್ರೈವೇಟ್ ಕೀಯನ್ನೇ ಲೆಕ್ಕಹಾಕಿ ತೆಗೆಯಬಹುದಿತ್ತು. 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ ಈ ದೋಷವಿತ್ತು; 0.81ರಲ್ಲಿ ಸರಿಪಡಿಸಲಾಯಿತು. ಪುಟ್ಟಿಯ ಕೋಡನ್ನು ಬಳಸಿಕೊಳ್ಳುವ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿಯಂತಹ ಕಡತ ಸಾಗಿಸುವ ತಂತ್ರಾಂಶಗಳೂ ತಮ್ಮ ಹೊಸ ಆವೃತ್ತಿಗಳನ್ನು ಬಿಡಬೇಕಾಯಿತು.

ಹೊಸ ಆವೃತ್ತಿ ಹಾಕಿಕೊಂಡರೆ ಸಾಕೇ ಎಂಬ ಪ್ರಶ್ನೆಗೆ ಉತ್ತರ, ಸಾಲದು. ದೋಷವಿದ್ದದ್ದು ಸಹಿ ಮಾಡುವ ಕ್ರಮದಲ್ಲಿ. ಹಳೆಯ ಆವೃತ್ತಿಯಿಂದ ಈಗಾಗಲೇ ಮಾಡಿದ ಸಹಿಗಳು ಹೊರಗಿವೆ. ಎಸ್‌ಎಸ್‌ಎಚ್ ಲಾಗಿನ್ನಿನ ಸಹಿ ಗೂಢಲಿಪಿಯೊಳಗೆ ಹೋಗುವುದರಿಂದ ದಾರಿಯಲ್ಲಿ ಕದ್ದಾಲಿಸುವವರಿಗೆ ಸಿಗದು, ಆದರೆ ಅತ್ತಲಿನ ಸರ್ವರಿಗೆ ಸಿಗುತ್ತದೆ. ಅದೇ ಕೀಯಿಂದ ಗಿಟ್ ಕಮಿಟ್‌ಗಳಿಗೆ (ಪ್ರೋಗ್ರಾಮರುಗಳು ದಾಖಲಿಸುವ ಕೋಡ್ ಬದಲಾವಣೆಗಳಿಗೆ) ಸಹಿ ಮಾಡಿ ಸಾರ್ವಜನಿಕವಾಗಿ ಇಟ್ಟಿದ್ದರೆ ಎಲ್ಲರಿಗೂ ಸಿಗುತ್ತದೆ. ಆದ್ದರಿಂದ ಆ ಬಗೆಯ ಕೀ ಇದ್ದವರು ಅದನ್ನು ಎಲ್ಲ ಸರ್ವರುಗಳಿಂದ ಅಳಿಸಿ ಹೊಸದನ್ನು ಮಾಡಿಕೊಳ್ಳಲೇಬೇಕು. ಇಡಿ25519 ಮತ್ತು ಆರ್‌ಎಸ್‌ಎ ಕೀಗಳಿಗೆ ಈ ತೊಂದರೆ ಇರಲಿಲ್ಲ. ಇಂದು ಹೊಸ ಕೀ ಮಾಡುವವರಿಗೆ ಇಡಿ25519 ಒಳ್ಳೆಯ ಆಯ್ಕೆ.

ಇನ್ನು ಕಿಟಕಿಯೊಳಗಿನ ಸಂಗತಿಗಳು. ಕಂಟ್ರೋಲ್-ಸಿ ಒತ್ತಿದರೆ ನಕಲಾಗುವ ಬದಲು ನಡೆಯುತ್ತಿದ್ದ ಪ್ರೋಗ್ರಾಮ್ ನಿಂತುಬಿಡುತ್ತದೆ, ಏಕೆಂದರೆ ಯುನಿಕ್ಸ್ ಲೋಕದಲ್ಲಿ ಆ ಕೀಲಿಗೆ ಅದೇ ಅರ್ಥ. ಪುಟ್ಟಿ ಅದನ್ನು ಹಾಗೆಯೇ ಸರ್ವರಿಗೆ ಒಪ್ಪಿಸುತ್ತದೆ. ಇಲ್ಲಿ ಮೌಸ್‌ನಿಂದ ಆಯ್ಕೆ ಮಾಡಿದ ಪಠ್ಯ ತಕ್ಷಣವೇ ನಕಲಾಗುತ್ತದೆ, ಬಲ ಗುಂಡಿ ಒತ್ತಿದರೆ ಅಂಟುತ್ತದೆ. ಬಲ ಗುಂಡಿಗೆ ವಿಂಡೋಸ್ ಮಾದರಿಯ ಮೆನು ಬೇಕೆಂದರೆ ಸೆಲೆಕ್ಷನ್ ಪುಟದಲ್ಲಿ ಬದಲಿಸಿಕೊಳ್ಳಬಹುದು, ಹಾಗೆ ಬದಲಿಸುವುದೇ ಮೇಲು. ನಕಲಿಸಿದ್ದರಲ್ಲಿ ಹಲವು ಸಾಲುಗಳಿದ್ದು, ಕೈತಪ್ಪಿ ಬಲ ಗುಂಡಿ ಒತ್ತಿದರೆ ಆ ಸಾಲುಗಳೆಲ್ಲ ಆದೇಶಗಳಾಗಿ ಓಡಿಬಿಡುವ ಅಪಾಯವಿದೆ.

ಪರದೆ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿ ಯಾವ ಕೀಲಿಗೂ ಸ್ಪಂದಿಸದಿದ್ದರೆ, ಪುಟ್ಟಿಯನ್ನು ಮುಚ್ಚುವ ಮೊದಲು ಕಂಟ್ರೋಲ್-ಕ್ಯೂ ಒತ್ತಿ ನೋಡಬೇಕು. ಕಡತ ಉಳಿಸುವ ಅಭ್ಯಾಸಬಲದಿಂದ ಕಂಟ್ರೋಲ್-ಎಸ್ ಒತ್ತಿರುವ ಸಾಧ್ಯತೆ ಹೆಚ್ಚು. ಟರ್ಮಿನಲ್ಲುಗಳ ಹಳೆಯ ರೂಢಿಯಲ್ಲಿ ಅದು ಬರಹದ ಹರಿವನ್ನು ತಡೆಹಿಡಿಯುವ ಸಂಜ್ಞೆ.

ಗೆರೆಗಳಿರಬೇಕಾದ ಕಡೆ ತಲೆಯ ಮೇಲೆ ಗುರುತಿರುವ ರೋಮನ್ ಅಕ್ಷರಗಳು, ಉದ್ಧರಣ ಚಿಹ್ನೆಯಿರಬೇಕಾದ ಕಡೆ ಮೂರು ಅಸಂಬದ್ಧ ಚಿಹ್ನೆಗಳು ಕಂಡರೆ, ಸರ್ವರ್ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕಳುಹಿಸಿದ್ದನ್ನು ಪುಟ್ಟಿ ಬೇರೊಂದು ಪದ್ಧತಿಯದೆಂದು ಓದುತ್ತಿದೆ ಎಂದರ್ಥ. ಟ್ರಾನ್ಸ್‌ಲೇಷನ್ ಪುಟದಲ್ಲಿ ಯುಟಿಎಫ್-8 ಆಯ್ದರೆ ಸರಿಯಾಗುತ್ತದೆ. ಕನ್ನಡದಂತೆ ಒತ್ತಕ್ಷರಗಳಿರುವ ಲಿಪಿಗಳು ಆಮೇಲೂ ಚೆನ್ನಾಗಿ ಕಾಣುತ್ತವೆಂದು ನಿರೀಕ್ಷಿಸುವಂತಿಲ್ಲ. ಟರ್ಮಿನಲ್ ಪರದೆ ಸಮಾನ ಅಗಲದ ಚೌಕಗಳ ಜಾಲರಿ. ಅಗಲ ಕಿರಿದಾಗುತ್ತ ಹಿರಿದಾಗುತ್ತ ಕೆಳಗೂ ಹಬ್ಬುವ ಅಕ್ಷರಗಳು ಅದಕ್ಕೆ ಒಗ್ಗುವುದು ಕಷ್ಟ.

ನನಗೆ ಬಹಳ ಮೆಚ್ಚಿಗೆಯಾದ ಪ್ರಶ್ನೆಯೊಂದಿದೆ. ಪಠ್ಯವಲ್ಲದ ಕಡತವನ್ನು, ಉದಾಹರಣೆಗೆ ಚಿತ್ರವನ್ನೋ ಪ್ರೋಗ್ರಾಮನ್ನೋ, ತಪ್ಪಿ 'ಕ್ಯಾಟ್' ಆದೇಶದಿಂದ ಪರದೆಗೆ ಸುರಿದಾಗ, ಕಸದಂತಹ ಅಕ್ಷರಗಳ ಕೊನೆಗೆ ಆದೇಶ ಬರೆಯುವ ಜಾಗದಲ್ಲಿ 'ಪುಟ್ಟಿಪುಟ್ಟಿಪುಟ್ಟಿ' ಎಂದು ಬರೆದಿರುತ್ತದೆ. ಯಾರೋ ಕಂಪ್ಯೂಟರಿನೊಳಗೆ ನುಗ್ಗಿದ್ದಾರೆಂದು ಗಾಬರಿಯಾಗುವವರೂ ಉಂಟು. ಟರ್ಮಿನಲ್ ಯಂತ್ರಗಳ ಕಾಲದಲ್ಲಿ, ಅತ್ತಲಿನ ಕಂಪ್ಯೂಟರ್ 5 ಎಂಬ ಬೆಲೆಯ ಬೈಟ್ ಕಳುಹಿಸಿದರೆ 'ನೀನು ಯಾರು' ಎಂದು ಕೇಳಿದಂತೆ. ಟರ್ಮಿನಲ್ ತನ್ನ ಹೆಸರನ್ನು ಹೇಳಬೇಕು. ಪುಟ್ಟಿ ಇಂದಿಗೂ ಆ ಸೌಜನ್ಯ ಪಾಲಿಸುತ್ತದೆ. ಸುರಿದ ಕಡತದಲ್ಲಿ ಆ ಬೈಟ್ ಎಷ್ಟು ಸಲವಿದೆಯೋ ಅಷ್ಟು ಸಲ ಹೆಸರು ಹೇಳುತ್ತದೆ, ನಾವೇ ಟೈಪಿಸಿದೆವೆಂದು ಸರ್ವರ್ ಭಾವಿಸುತ್ತದೆ. ಟರ್ಮಿನಲ್ ಪುಟದಲ್ಲಿ ಈ ಉತ್ತರವನ್ನು ಖಾಲಿ ಬಿಟ್ಟರೆ ಅದು ನಿಲ್ಲುತ್ತದೆ.

ಕಡತಗಳನ್ನು ಸಾಗಿಸುವುದು ಪುಟ್ಟಿ ಕಿಟಕಿಯ ಕೆಲಸವಲ್ಲ. ಅದಕ್ಕೆ ಪಿಎಸ್‌ಸಿಪಿ, ಪಿಎಸ್‌ಎಫ್‌ಟಿಪಿ ಎಂಬ ಪ್ರತ್ಯೇಕ ಆದೇಶ ಸಾಲಿನ ತಂತ್ರಾಂಶಗಳಿವೆ. ತಾನಾಗಿ ನಡೆಯುವ ಸ್ಕ್ರಿಪ್ಟುಗಳಿಂದ ಸಂಪರ್ಕಿಸಲು ಪ್ಲಿಂಕ್ ಇದೆ.

ಎಲ್ಲಿಂದ ಇಳಿಸಿಕೊಳ್ಳಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ಪಾಸ್‌ವರ್ಡುಗಳೆಲ್ಲ ಹಾದುಹೋಗುವ ತಂತ್ರಾಂಶದಲ್ಲಿ ಯಾರಾದರೂ ಕೈಯಾಡಿಸಿದ್ದರೆ ಉಳಿದ ಎಚ್ಚರಗಳೆಲ್ಲ ವ್ಯರ್ಥ. ಪುಟ್ಟಿಯ ಹೆಸರಿನಲ್ಲಿ ಕಳ್ಳತಂತ್ರಾಂಶ ಹಂಚಿದ ಪ್ರಕರಣಗಳೂ ನಡೆದಿವೆ. ಹುಡುಕು ತಾಣದಲ್ಲಿ ಮೊದಲು ಕಾಣುವ ಕೊಂಡಿ, ಅಥವಾ ಹೆಸರಿಗೆ ತೀರಾ ಹೊಂದುವ ವಿಳಾಸ, ತಂಡದವರದೇ ಆಗಿರಬೇಕೆಂದಿಲ್ಲ. ಸೈಮನ್ ಟ್ಯಾಥಮ್ ಅವರ ಸ್ವಂತ ಪುಟ ಬಹುಕಾಲದಿಂದ ಇರುವುದು ಕಿಯಾರ್ಕ್ ಎಂಬ ಸರ್ವರಿನಲ್ಲಿ. ಅಲ್ಲಿ ಪ್ರತಿ ಕಡತದ ಜೊತೆಗೆ ಪರಿಶೀಲನೆಗೆಂದು ಡಿಜಿಟಲ್ ಸಹಿಯೂ ಸಿಗುತ್ತದೆ. 2018ರಿಂದ ವಿಂಡೋಸ್ 10ರಲ್ಲಿ ಓಪನ್‌ಎಸ್‌ಎಸ್‌ಎಚ್ ಕೂಡ ಸೇರಿಕೊಂಡಿರುವುದರಿಂದ ಪುಟ್ಟಿ ಅನಿವಾರ್ಯವೇನಲ್ಲ. ಅದಕ್ಕೆ ಹೋಗುವವರು ತಮ್ಮ ಪಿಪಿಕೆ ಕಡತವನ್ನು ಪುಟ್ಟಿಜೆನ್‌ನಲ್ಲಿ ತೆರೆದು ಓಪನ್‌ಎಸ್‌ಎಸ್‌ಎಚ್ ರೂಪಕ್ಕೆ ಬದಲಿಸಿಕೊಳ್ಳಬಹುದು.

ಪುಟ್ಟಿಯ ಮುಖ್ಯ ಕಡತವೊಂದನ್ನೇ ಪೆನ್‌ಡ್ರೈವಿನಲ್ಲಿ ಒಯ್ದು, ಏನನ್ನೂ ಸ್ಥಾಪಿಸದೆ, ಬೇರೆಯವರ ಕಂಪ್ಯೂಟರಿನಲ್ಲಿ ಬಳಸುವವರು ಒಂದನ್ನು ಗಮನದಲ್ಲಿಡಬೇಕು. ಉಳಿಸಿದ ಸೆಷನ್‌ಗಳೂ ಒಪ್ಪಿದ ಹೋಸ್ಟ್ ಕೀಗಳೂ ಆ ಪೆನ್‌ಡ್ರೈವಿಗೆ ಹೋಗದೆ ಆ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಉಳಿಯುತ್ತವೆ. ಯಾದೃಚ್ಛಿಕ ಸಂಖ್ಯೆಗಳಿಗೆ ಬೀಜವಾಗುವ ಸಣ್ಣ ಕಡತವೊಂದೂ ಅಲ್ಲಿ ಉಳಿಯುತ್ತದೆ. ಪುಟ್ಟಿಯನ್ನು 'ಕ್ಲೀನಪ್' ಎಂಬ ಆಯ್ಕೆಯೊಡನೆ ಆದೇಶ ಸಾಲಿನಿಂದ ಓಡಿಸಿದರೆ, ಒಮ್ಮೆ ಖಚಿತಪಡಿಸಿಕೊಂಡು, ಆಗ ಲಾಗಿನ್ ಆಗಿರುವ ಬಳಕೆದಾರರ ಮಟ್ಟಿಗೆ ಇವೆಲ್ಲವನ್ನೂ ಅಳಿಸುತ್ತದೆ. ಸ್ವಂತ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿದರೆ ಹೋಸ್ಟ್ ಕೀಗಳೂ ಅಳಿಸಿಹೋಗುವುದರಿಂದ, ಪ್ರತಿ ಸರ್ವರಿನ ಬೆರಳಚ್ಚನ್ನೂ ಮತ್ತೆ ಮೊದಲಿನಿಂದ ಹೋಲಿಸಿ ನೋಡಬೇಕಾಗುತ್ತದೆ.